ಅರ್ಜಿಗೆ ಫೋಟೊ ಅಪ್‌ಲೋಡ್ ಆಗ್ತಿಲ್ವಾ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಆನ್‌ಲೈನ್ ಅರ್ಜಿಯಲ್ಲಿ ಹೆಸರು, ವಿಳಾಸ, ಅಂಕಪಟ್ಟಿಯ ವಿವರ ಎಲ್ಲ ತುಂಬಿ ಮುಗಿದಿರುತ್ತದೆ. ಉಳಿದದ್ದು ಫೋಟೊ ಮತ್ತು ಸಹಿ. ಅಲ್ಲಿಗೆ ಬಂದು ಕೆಲಸ ನಿಂತುಬಿಡುತ್ತದೆ. ಒಮ್ಮೆ ‘ಫೈಲ್ ದೊಡ್ಡದು’ ಎನ್ನುತ್ತದೆ. ಚಿಕ್ಕದು ಮಾಡಿ ಹಾಕಿದರೆ ‘ಫೈಲ್ ತೀರಾ ಚಿಕ್ಕದು’ ಎನ್ನುತ್ತದೆ. ಅದನ್ನೂ ಸರಿ ಮಾಡಿದರೆ ಮುಖವೇ ಗುರುತು ಸಿಗದಷ್ಟು ಮಸುಕು. ಕೊನೆಯ ದಿನಾಂಕದ ಸಂಜೆ ಯಾವ ನೆಟ್ ಸೆಂಟರ್‌ಗೆ ಹೋದರೂ ಇದೇ ಪಾಡು. ವರ್ಷಗಟ್ಟಲೆ ಓದಿದವರು ಕೆಲವು ಕೆಬಿ ಲೆಕ್ಕಕ್ಕೆ ಪರೀಕ್ಷೆ ತಪ್ಪಿಸಿಕೊಳ್ಳಬಾರದು. ದೋಷ ಎಲ್ಲಿದೆ ಎಂದು ಗೊತ್ತಾದರೆ ಇದು ಹತ್ತು ನಿಮಿಷದ ಕೆಲಸ.

ಇಲ್ಲಿ ಬ್ಯಾಂಕ್ ಪರೀಕ್ಷೆಯ ಅರ್ಜಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಗ್ರಾಮೀಣ ಬ್ಯಾಂಕ್ ಸೇರಿದಂತೆ ಹಲವು ಬ್ಯಾಂಕುಗಳ ನೇಮಕಾತಿಗೆ ಐಬಿಪಿಎಸ್ ನಡೆಸುವ ಪರೀಕ್ಷೆಗಳ ಅಧಿಸೂಚನೆಯಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಗಳು ಇವು. ಫೋಟೊ 200×230 ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಚುಕ್ಕೆಗಳು, ಅಗಲ×ಎತ್ತರ), 20ರಿಂದ 50 ಕೆಬಿ (ಫೈಲಿನ ತೂಕ). ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ. ಎಡಗೈ ಹೆಬ್ಬೆರಳಿನ ಗುರುತು 240×240 ಪಿಕ್ಸೆಲ್, 20ರಿಂದ 50 ಕೆಬಿ. ಕೈಬರಹದ ಘೋಷಣೆ 800×400 ಪಿಕ್ಸೆಲ್, 50ರಿಂದ 100 ಕೆಬಿ. ಬೇರೆ ಅರ್ಜಿಗಳಲ್ಲಿ ಅಂಕಿ ಬೇರೆ ಇರಬಹುದು, ನಿಮ್ಮ ಅಧಿಸೂಚನೆಯನ್ನೇ ನೋಡಿಕೊಳ್ಳಿ. ಆದರೆ ದೋಷ ಹುಡುಕುವ ದಾರಿ ಎಲ್ಲಕ್ಕೂ ಒಂದೇ.

ಕೈ ಹಾಕುವ ಮುಂಚೆ ಮೂರು ವಿಷಯ ನೋಡಿ

ಯಾವ ಆ್ಯಪ್‌ ತೆರೆಯುವುದಕ್ಕೂ ಮುಂಚೆ ನಿಮ್ಮ ಫೋಟೊ ಬಗ್ಗೆ ಮೂರು ಸಂಗತಿ ತಿಳಿದಿರಬೇಕು. ಎಷ್ಟು ಕೆಬಿ? ಎಷ್ಟು ಪಿಕ್ಸೆಲ್ ಅಗಲ, ಎಷ್ಟು ಎತ್ತರ? ಮತ್ತು ಅದು ನಿಜವಾಗಿ ಯಾವ ಬಗೆಯ ಫೈಲ್? ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ. ದೋಷ ಇರುವುದು ಬಹಳ ಸಲ ಉಳಿದ ಎರಡರಲ್ಲಿ.

ವಿಂಡೋಸ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಅಲ್ಲಿ ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎಂದು ಎರಡು ಅಂಕಿ ಇರುತ್ತವೆ. ನಮಗೆ ಬೇಕಾದ್ದು ಮೊದಲನೆಯದು. ಎರಡನೆಯದು ಡಿಸ್ಕ್ ಮೇಲೆ ಹಿಡಿದ ಜಾಗ, ಅದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಇರುತ್ತದೆ. ಪಕ್ಕದ ಡೀಟೇಲ್ಸ್ ಪುಟದಲ್ಲಿ ಪಿಕ್ಸೆಲ್ ಅಳತೆ ಸಿಗುತ್ತದೆ. ಫೋನಿನಲ್ಲಾದರೆ ಗೂಗಲ್ ಫೋಟೋಸ್‌ನಲ್ಲಾಗಲಿ ಐಫೋನಿನ ಫೋಟೋಸ್‌ನಲ್ಲಾಗಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ ವಿವರ ಕಾಣುತ್ತದೆ.

ಮೂರನೆಯದಕ್ಕೆ ಹೆಸರಿನ ಕೊನೆಯ ಅಕ್ಷರ ನಂಬಬೇಡಿ. ಕಂಪ್ಯೂಟರ್‌ನಲ್ಲಿ ಫೈಲಿನ ಒಂದು ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಪುಟದ ತುಂಬ ಅರ್ಥವಿಲ್ಲದ ಅಕ್ಷರ ಬರುತ್ತವೆ, ಗಾಬರಿ ಬೇಡ. ಮೊದಲ ಸಾಲು ಮಾತ್ರ ನೋಡಿ. ಅಲ್ಲಿ ಇಂಗ್ಲಿಷ್‌ನಲ್ಲಿ ‘ಪಿಎನ್‌ಜಿ’ ಎಂದಿದ್ದರೆ ಅದು ಪಿಎನ್‌ಜಿ. ‘ಜೆಎಫ್‌ಐಎಫ್’ ಅಥವಾ ‘ಎಕ್ಸಿಫ್’ ಎಂದು ಶುರುವಿನಲ್ಲೇ ಕಂಡರೆ ಬಹುತೇಕ ಜೆಪೆಗ್ (ಜೆಪಿಜಿ), ಅರ್ಜಿಗಳು ಕೇಳುವುದು ಇದನ್ನೇ. ‘ಹೆಚ್‌ಇಐಸಿ’ ಎಂದಿದ್ದರೆ ಐಫೋನ್ ಕಡೆಯದು. ‘ವೆಬ್‌ಪಿ’ ಎಂದಿದ್ದರೆ ಯಾವುದೋ ವೆಬ್‌ಸೈಟಿನಿಂದ ಇಳಿಸಿಕೊಂಡದ್ದು. ನೋಡಿ ಸುಮ್ನೆ ಮುಚ್ಚಿ, ಸೇವ್ ಮಾಡಬೇಡಿ. ಮಾಡಿದರೆ ಆ ಪ್ರತಿ ಕೆಡುತ್ತದೆ.

‘ಫೈಲ್ ದೊಡ್ಡದು’ ಎನ್ನುತ್ತಿದ್ದರೆ

ಇದು ಎಲ್ಲಕ್ಕಿಂತ ಹೆಚ್ಚು ಬರುವ ದೂರು. ಇದಕ್ಕೆ ಹೆಚ್ಚಿನವರು ಮಾಡುವ ಮದ್ದು ತಿರುಗುಮುರುಗು. ಫೋಟೊ ಇದ್ದ ಹಾಗೇ ಇಟ್ಟು ಕಂಪ್ರೆಸ್ ಮಾಡಲು ಹೊರಡುತ್ತಾರೆ. ಮೊದಲು ಪಿಕ್ಸೆಲ್ ಇಳಿಸಬೇಕು, ಆಮೇಲೆ ಗುಣಮಟ್ಟಕ್ಕೆ ಕೈ ಹಾಕಬೇಕು. ಯಾಕೆ ಎಂದು ತಿಳಿಯಲು ಜೆಪೆಗ್ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ನೋಡೋಣ.

12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000×3000 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್. ಒಟ್ಟು 3.6 ಕೋಟಿ ಬೈಟ್, ಅಂದರೆ 36 ಎಂಬಿ ಹತ್ತಿರ. ಫೋನು ಅದನ್ನು 4 ಎಂಬಿ ಆಸುಪಾಸಿಗೆ ಇಳಿಸಿ ಉಳಿಸುವುದು ಜೆಪೆಗ್‌ನಿಂದಾಗಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಚೌಕದ 64 ಪಿಕ್ಸೆಲ್‌ಗಳನ್ನು ಒಂದು ಗಣಿತದ ಮೂಲಕ 64 ಅಂಕಿಗಳನ್ನಾಗಿ ಬದಲಿಸುತ್ತದೆ. ಮೊದಲ ಅಂಕಿ ಆ ಚೌಕದ ಸರಾಸರಿ ಬೆಳಕು. ಮುಂದಿನವು ನಿಧಾನವಾಗಿ ಬದಲಾಗುವ ನೆರಳು. ಕೊನೆಯವು ಕೂದಲೆಳೆಯಂಥ ಸಣ್ಣ ವಿವರ. ಕಣ್ಣು ಅಷ್ಟಾಗಿ ಗಮನಿಸದ ಈ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಟ್ಟರೆ ಫೈಲ್ ಕುಗ್ಗುತ್ತದೆ. ಫೋಟೊ ಉಳಿಸುವಾಗ ಕೆಲವು ಸಾಫ್ಟ್‌ವೇರ್ ತೋರಿಸುವ ಗುಣಮಟ್ಟದ (ಕ್ವಾಲಿಟಿ) ಪಟ್ಟಿಯನ್ನು ಎಡಕ್ಕೆ ಎಳೆದಾಗ ಆಗುವುದು ಇದೇ. ಸೊನ್ನೆಗಳು ಜಾಸ್ತಿ ಆಗುತ್ತವೆ.

ಈ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಇದನ್ನು ಕಂಡುಹಿಡಿದವರಲ್ಲಿ ಮೊದಲಿಗರು ನಾಸಿರ್ ಅಹ್ಮದ್. ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಎಂಜಿನಿಯರಿಂಗ್ ಓದಿದ್ದು ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದರ ಮೇಲೆ ಕಟ್ಟಿದ ಜೆಪೆಗ್ ಮಾನದಂಡ ಬಂದದ್ದು 1992ರಲ್ಲಿ. ನಮ್ಮ ಹುಡುಗರು ಅರ್ಜಿಗೆ ಹಾಕುವ ಒಂದೊಂದು ಜೆಪೆಗ್ ಫೋಟೊದ ಒಳಗೂ ಬೆಂಗಳೂರಿನಲ್ಲಿ ಓದಿದ ಒಬ್ಬರ ಗಣಿತ ಇದೆ. ಇದು ನಮ್ಮ ಶಾಲೆಗಳ ಪಾಠದಲ್ಲೂ ಬರಬೇಕು ಎಂಬುದು ನನ್ನ ಆಸೆ.

ಈಗ ಲೆಕ್ಕ ಹಾಕಿ. 4000×3000 ಫೋಟೊದಲ್ಲಿ ಇಂಥ ಚೌಕಗಳು 1,87,500. ಅಷ್ಟನ್ನೂ 50 ಕೆಬಿಯಲ್ಲಿ ತುಂಬಬೇಕೆಂದರೆ ಒಂದು ಚೌಕದ ಪಾಲಿಗೆ ಬರುವುದು ಬರೀ 2 ಬಿಟ್. ಒಂದು ಅಂಕಿ ಸರಿಯಾಗಿ ಬರೆಯಲೂ ಅದು ಸಾಲದು. ಅದೇ 200×230 ಫೋಟೊದಲ್ಲಿ ಚೌಕಗಳು ಸುಮಾರು 725. ಅದೇ 50 ಕೆಬಿಯಲ್ಲಿ ಒಂದೊಂದಕ್ಕೂ 70 ಬೈಟ್ ಸಿಗುತ್ತದೆ. ಒಂದು ಕೊಡ ನೀರು ಮನೆಮಂದಿಗೆಲ್ಲ ಕುಡಿಯಲು ಸಾಕು, ಅದನ್ನೇ ಎಕರೆ ಹೊಲಕ್ಕೆ ಹಾಯಿಸಿದರೆ ನೆಲವೂ ನೆನೆಯುವುದಿಲ್ಲ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ವಿಂಡೋಸ್ ಜೊತೆಗೇ ಬರುವ ಪೇಂಟ್ ತೆರೆದು 4000×3000 ಅಳತೆಯ ಖಾಲಿ ಬಿಳಿ ಹಾಳೆಯನ್ನು ಜೆಪೆಗ್ ಆಗಿ ಉಳಿಸಿ. ಅದರಲ್ಲಿ ಒಂದು ಗೆರೆಯೂ ಇಲ್ಲ. ಆದರೂ ಅದು 50 ಕೆಬಿ ದಾಟಿರುತ್ತದೆ. ಬಿಳಿ ಹಾಳೆಯೇ ಹಿಡಿಸದ ಜಾಗದಲ್ಲಿ ಮುಖ ಹೇಗೆ ಹಿಡಿಸೀತು?

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಕ್ರಾಪ್. ತಲೆ, ಕುತ್ತಿಗೆ, ಹೆಗಲು ಬಿಟ್ಟು ಸುತ್ತಲಿನ ಗೋಡೆ ಕತ್ತರಿಸಿ. ಆಮೇಲೆ ರೀಸೈಜ್ ಮಾಡಿ ಅಧಿಸೂಚನೆ ಹೇಳಿದ ಪಿಕ್ಸೆಲ್‌ಗೆ ತನ್ನಿ. ಅಗಲ, ಎತ್ತರ ಎರಡೂ ಅರ್ಧ ಆದರೆ ಪಿಕ್ಸೆಲ್‌ಗಳು ಕಾಲು ಭಾಗಕ್ಕೆ ಇಳಿಯುತ್ತವೆ ಎಂಬುದು ನೆನಪಿರಲಿ. ಕೊನೆಯಲ್ಲಿ, ಇನ್ನೂ ಕೆಬಿ ಜಾಸ್ತಿ ಇದ್ದರೆ ಮಾತ್ರ, ಗುಣಮಟ್ಟ ಇಳಿಸಿ. 100ರಿಂದ 90ಕ್ಕೆ ಇಳಿಸಿದರೆ ಫೈಲ್ ಸಾಮಾನ್ಯವಾಗಿ ಅರ್ಧದಷ್ಟಾಗುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 75ಕ್ಕಿಂತ ಕೆಳಗೆ ಹೋಗುವ ಪರಿಸ್ಥಿತಿ ಬಂದರೆ ಪಿಕ್ಸೆಲ್ ಇನ್ನೂ ಜಾಸ್ತಿ ಇದೆ ಎಂದೇ ಅರ್ಥ. ಈ ಅಂಕಿ ಶೇಕಡಾ ಲೆಕ್ಕ ಅಲ್ಲ. ಒಂದು ಸಾಫ್ಟ್‌ವೇರಿನ 80 ಇನ್ನೊಂದರ 80ಕ್ಕೆ ಸಮ ಇರಬೇಕೆಂದೇನಿಲ್ಲ.

ಕಂಪ್ಯೂಟರ್‌ನಲ್ಲಿ ಪೇಂಟ್ ಸಾಕು. ರೀಸೈಜ್ ಒತ್ತಿ, ಶೇಕಡಾ ಬದಲು ಪಿಕ್ಸೆಲ್ಸ್ ಆರಿಸಿ, ಅಗಲ ಕೊಡಿ. ಪೇಂಟ್‌ನಲ್ಲಿ ಗುಣಮಟ್ಟದ ಪಟ್ಟಿ ಇರುವುದಿಲ್ಲ, ಅದೊಂದು ಕೊರತೆ. ಆ ಹಿಡಿತ ಬೇಕೆಂದರೆ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಅದರಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ಗುರುತು ಹಾಕಿದರೆ ಪಟ್ಟಿ ಎಳೆದಂತೆಲ್ಲ ಎಷ್ಟು ಕೆಬಿ ಆಗುತ್ತದೆ ಎಂದು ಅಲ್ಲೇ ತೋರಿಸುತ್ತದೆ. ಬ್ರೌಸರ್‌ನಲ್ಲೇ ಮಾಡಬೇಕೆಂದರೆ ಸ್ಕ್ವೂಶ್ ಎಂಬ ವೆಬ್‌ಸೈಟ್ ಒಳ್ಳೆಯದು. ಅದು ಫೋಟೊವನ್ನು ಬೇರೆಲ್ಲಿಗೂ ಕಳಿಸದೆ ನಿಮ್ಮ ಯಂತ್ರದಲ್ಲೇ ಕುಗ್ಗಿಸುತ್ತದೆ.

ಗುರಿ 50 ಕೆಬಿ ಇದ್ದರೆ 50ಕ್ಕೇ ತಂದು ನಿಲ್ಲಿಸಬೇಡಿ. ಕೆಲವು ಕಡೆ ಕೆಬಿ ಅಂದರೆ 1000 ಬೈಟ್, ಕೆಲವು ಕಡೆ 1024. ನಿಮ್ಮ ಕಂಪ್ಯೂಟರ್ 49.5 ಎಂದು ತೋರಿಸಿದ್ದು ಅರ್ಜಿಯ ಲೆಕ್ಕದಲ್ಲಿ 50 ದಾಟಿರಬಹುದು. 40ರಿಂದ 45ರ ನಡುವೆ ಇಟ್ಟರೆ ಈ ತಕರಾರೇ ಇಲ್ಲ.

ಪಿಕ್ಸೆಲ್ ಇಳಿಸಿದೆ, ಆದರೂ ಕೆಬಿ ಇಳಿಯುತ್ತಿಲ್ಲ

200×230ಕ್ಕೆ ತಂದಿದ್ದೀರಿ. ಗುಣಮಟ್ಟ ಎಷ್ಟು ಇಳಿಸಿದರೂ ಫೈಲ್ 60, 70 ಕೆಬಿಯಲ್ಲೇ ನಿಂತಿದೆ. ಇಂಥ ಸಂದರ್ಭದಲ್ಲಿ ಚಿತ್ರದ ತಪ್ಪಿಲ್ಲ. ಚಿತ್ರದ ಜೊತೆ ಅಂಟಿಕೊಂಡು ಬಂದ ಮಾಹಿತಿಯೇ ಭಾರ.

ಕ್ಯಾಮೆರಾ ಪ್ರತಿ ಫೋಟೊಗೂ ಎಕ್ಸಿಫ್ ಎಂಬ ಮಾಹಿತಿ ಸೇರಿಸುತ್ತದೆ. ಯಾವ ಫೋನು, ಯಾವ ಹೊತ್ತು, ಲೊಕೇಶನ್ ಆನ್ ಇದ್ದರೆ ಯಾವ ಜಾಗ, ಜೊತೆಗೆ ಒಂದು ಪುಟಾಣಿ ಚಿತ್ರವೂ ಇರುತ್ತದೆ. ಜೆಪೆಗ್‌ನಲ್ಲಿ ಈ ಎಕ್ಸಿಫ್ ಖಾನೆಗೇ 64 ಕೆಬಿವರೆಗೆ ಜಾಗ ಇದೆ. ಫೋಟೊಶಾಪ್‌ನಲ್ಲಿ ತಿದ್ದಿದ ಸ್ಟುಡಿಯೊ ಫೋಟೊಗಳಲ್ಲಿ ಇದರ ಮೇಲೆ ಇನ್ನಷ್ಟು ಮಾಹಿತಿ ಸೇರಿರುತ್ತದೆ. 4 ಎಂಬಿ ಫೋಟೊದಲ್ಲಿ ಇದು ಲೆಕ್ಕಕ್ಕೇ ಬರದು. 50 ಕೆಬಿ ಅರ್ಜಿಯಲ್ಲಿ ಇದೊಂದೇ ಸಾಕು ಮಿತಿ ದಾಟಿಸಲು.

ಗುರುತು ಸುಲಭ. ಗುಣಮಟ್ಟ 90ರಿಂದ 60ಕ್ಕೆ ಇಳಿಸಿದಾಗ ಕೆಬಿ ಚೆನ್ನಾಗಿ ಇಳಿಯಬೇಕು. ಇಳಿಯಲಿಲ್ಲ ಅಂದರೆ ಮಾಹಿತಿಯದೇ ದೋಷ. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದ ಕೆಳಗೆ ಮಾಹಿತಿ ತೆಗೆದುಹಾಕುವ ಆಯ್ಕೆ ಇದೆ. ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್, ಥಂಬ್‌ನೇಲ್ ಎಂಬ ಗುರುತುಗಳನ್ನು ತೆಗೆಯಿರಿ. ಇದ್ಯಾವುದೂ ಬೇಡ ಎಂದರೆ ಚಿತ್ರವನ್ನು ಪೂರ್ತಿ ಆರಿಸಿ, ಕಾಪಿ ಮಾಡಿ, ಪೇಂಟ್‌ನ ಹೊಸ ಹಾಳೆಗೆ ಪೇಸ್ಟ್ ಮಾಡಿ ಉಳಿಸಿ. ಪಿಕ್ಸೆಲ್ ಮಾತ್ರ ಬರುತ್ತದೆ, ಉಳಿದದ್ದು ಅಲ್ಲೇ ಉಳಿಯುತ್ತದೆ.

ಇನ್ನೊಂದು ಕಾರಣ ಪಿಎನ್‌ಜಿ. ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕ್ರಾಪ್ ಮಾಡಿದ ಫೋಟೊ ಹೆಚ್ಚಾಗಿ ಪಿಎನ್‌ಜಿ ಆಗಿರುತ್ತದೆ. ಪಿಎನ್‌ಜಿ ಏನನ್ನೂ ಕಳೆಯದೆ ಉಳಿಸುವ ಬಗೆ. ಅಕ್ಷರ, ಗೆರೆ, ನಕ್ಷೆಗೆ ಅದು ಚಂದ. ಮುಖದ ಫೋಟೊಗೆ ಮಾತ್ರ ಜೆಪೆಗ್‌ಗಿಂತ ಎಷ್ಟೋ ಪಟ್ಟು ದೊಡ್ಡದಾಗುತ್ತದೆ. ಅದಕ್ಕೆ ಗುಣಮಟ್ಟದ ಪಟ್ಟಿಯೂ ಇಲ್ಲ. ಪೇಂಟ್‌ನಲ್ಲಿ ತೆರೆದು ಸೇವ್ ಆ್ಯಸ್‌ನಲ್ಲಿ ಜೆಪೆಗ್ ಆರಿಸಿದರೆ ಮುಗಿಯಿತು.

ಮೂರನೆಯದು ಚಲಿಸುವ ಫೋಟೊ. ಸ್ಯಾಮ್‌ಸಂಗ್, ಪಿಕ್ಸೆಲ್ ಮುಂತಾದ ಫೋನುಗಳಲ್ಲಿ ಮೋಶನ್ ಫೋಟೊ ಎಂಬುದು ಆನ್ ಇದ್ದರೆ ಜೆಪೆಗ್ ಫೈಲಿನ ಬಾಲಕ್ಕೆ ಒಂದೆರಡು ಸೆಕೆಂಡಿನ ವಿಡಿಯೊ ಅಂಟಿಕೊಳ್ಳುತ್ತದೆ. ನೋಡಲು ಒಂದೇ ಫೋಟೊ, ತೂಕ ಮಾತ್ರ ದುಪ್ಪಟ್ಟು. ಅರ್ಜಿಗೆ ಫೋಟೊ ತೆಗೆಯುವಾಗ ಇದನ್ನು ಆಫ್ ಮಾಡಿ. ಆಗಲೇ ತೆಗೆದಿದ್ದರೆ ಪೇಂಟ್‌ನಲ್ಲಿ ತೆರೆದು ಹೊಸ ಫೈಲಾಗಿ ಉಳಿಸಿ, ವಿಡಿಯೊ ಉದುರಿಹೋಗುತ್ತದೆ.

ಡಿಪಿಐ ಗೊಂದಲ

‘200 ಡಿಪಿಐ ಇರಲಿ’ ಎಂದು ಅಧಿಸೂಚನೆಯಲ್ಲಿ ಓದಿ ಎಷ್ಟೋ ಜನ ಮೊಬೈಲ್ ಫೋಟೊದ ಡಿಪಿಐ ಬದಲಿಸುತ್ತಾ ಕೂರುತ್ತಾರೆ. ಫೈಲ್ ಒಂದು ಬೈಟೂ ಇಳಿಯುವುದಿಲ್ಲ. ಯಾಕೆಂದರೆ ಮೊಬೈಲ್ ಫೋಟೊದಲ್ಲಿ ಡಿಪಿಐ ಎನ್ನುವುದು ‘ಪ್ರಿಂಟ್ ಮಾಡಿದರೆ ಒಂದು ಇಂಚಿಗೆ ಇಷ್ಟು ಪಿಕ್ಸೆಲ್ ಹಾಕು’ ಎಂಬ ಬರೀ ಒಂದು ಸೂಚನೆ. 72 ಎಂದು ಬರೆದರೂ 300 ಎಂದು ಬರೆದರೂ ಪಿಕ್ಸೆಲ್ ಅಷ್ಟೇ ಇರುತ್ತವೆ.

ಆ ಸಾಲು ನಿಜವಾಗಿ ಹೇಳುವುದು ಸ್ಕ್ಯಾನರ್‌ ಬಗ್ಗೆ. ಸ್ಕ್ಯಾನರ್‌ನಲ್ಲಿ ಡಿಪಿಐ ಬದಲಿಸಿದರೆ ಪಿಕ್ಸೆಲ್‌ಗಳೇ ಬದಲಾಗುತ್ತವೆ. 3.5×4.5 ಸೆಂಟಿಮೀಟರ್ ಪಾಸ್‌ಪೋರ್ಟ್ ಸೈಜ್ ಫೋಟೊವನ್ನು 200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 276×354 ಪಿಕ್ಸೆಲ್ ಬರುತ್ತದೆ. 600ರಲ್ಲಿ ಮಾಡಿದರೆ ಅದರ ಒಂಬತ್ತು ಪಟ್ಟು ಪಿಕ್ಸೆಲ್. ಆದ್ದರಿಂದ ಕಾಗದದ ಫೋಟೊ ಸ್ಕ್ಯಾನ್ ಮಾಡುತ್ತಿದ್ದರೆ ಡಿಪಿಐ ನೋಡಿ. ಮೊಬೈಲ್ ಫೋಟೊ ಆದರೆ ಆ ಮಾತು ಬಿಟ್ಟು ಪಿಕ್ಸೆಲ್ ನೋಡಿ.

ಕೆಬಿ ಸರಿ ಇದೆ, ಮುಖ ಮಸುಕು

ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮಸುಕಿನಲ್ಲಿ ಎರಡು ಬಗೆ ಇದೆ, ಕಾರಣವೂ ಬೇರೆ ಬೇರೆ.

ಕೆನ್ನೆಯ ಮೇಲೆ ಚೌಕ ಚೌಕ ಕಂಡರೆ, ಕಿವಿಯ ಅಂಚಿನಲ್ಲಿ, ಕೂದಲಿನ ಸುತ್ತ ಕೊಳೆ ಹತ್ತಿದ ಹಾಗೆ ಕಂಡರೆ, ಗುಣಮಟ್ಟವನ್ನು ಅತಿಯಾಗಿ ಹಿಂಡಿದ್ದಾರೆ. ಆ ಚೌಕಗಳು ಮೇಲೆ ಹೇಳಿದ 8×8 ಚೌಕಗಳೇ. ಒಂದೇ ಫೋಟೊವನ್ನು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹಾಕಿ ಮತ್ತೆ ಮತ್ತೆ ಉಳಿಸಿದರೂ ಹೀಗಾಗುತ್ತದೆ. ಜೆಪೆಗ್ ಪ್ರತಿ ಸಲ ಉಳಿಸುವಾಗಲೂ ಒಂದಿಷ್ಟು ವಿವರ ಬಿಡುತ್ತದೆ. ಹೋದದ್ದು ಗುಣಮಟ್ಟ 100 ಇಟ್ಟರೂ ವಾಪಸ್ ಬರುವುದಿಲ್ಲ. ಕೆಟ್ಟ ಪ್ರತಿಯನ್ನು ರಿಪೇರಿ ಮಾಡಲು ಹೋಗಬೇಡಿ. ಕ್ಯಾಮೆರಾದ ಮೂಲ ಫೋಟೊಗೆ ಹಿಂತಿರುಗಿ ಕ್ರಾಪ್, ರೀಸೈಜ್, ಗುಣಮಟ್ಟ ಎಂದು ಒಂದೇ ಉಸಿರಿನಲ್ಲಿ ಮಾಡಿ.

ಚೌಕ ಇಲ್ಲದೆ ಇಡೀ ಚಿತ್ರ ಮಂಜು ಮಂಜಾಗಿದ್ದರೆ, ಚಿಕ್ಕ ಚಿತ್ರವನ್ನು ಹಿಗ್ಗಿಸಿದ್ದಾರೆ. ವಾಟ್ಸ್ಆ್ಯಪ್ ಡಿಪಿಯಿಂದ ಕತ್ತರಿಸಿಕೊಂಡದ್ದು, ಗುಂಪಿನ ಫೋಟೊದಿಂದ ಮುಖ ಮಾತ್ರ ಕ್ರಾಪ್ ಮಾಡಿದ್ದು ಹೀಗೇ ಆಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಉದ್ದದ ಬದಿಯಲ್ಲಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಒಬ್ಬರ ಫೋಟೊ ಆದರೆ 200×230ಕ್ಕೆ ಅಷ್ಟು ಧಾರಾಳವಾಗಿ ಸಾಕು. ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಮುಖಕ್ಕೆ ಸಾಲದು. ಸ್ಟುಡಿಯೊದವರು ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿ, ಮೂಲ ಫೈಲ್ ಹಾಗೇ ಬರುತ್ತದೆ.

ಫೋಟೊ ತೆಗೆಯುವಾಗಲೇ ಒಂದು ಎಚ್ಚರ ಇರಲಿ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೊದಲ್ಲಿ ಗೋಡೆಯ ತುಂಬ ಸಣ್ಣ ಮರಳಿನಂಥ ಕಣಗಳು ಇರುತ್ತವೆ. ಜೆಪೆಗ್‌ಗೆ ಅವೂ ವಿವರವೇ. ಅವನ್ನು ಉಳಿಸಲು ಕೆಬಿ ಖರ್ಚು ಮಾಡುತ್ತದೆ, ಮುಖಕ್ಕೆ ಸಿಗುವ ಪಾಲು ಕಡಿಮೆಯಾಗುತ್ತದೆ. ಹಗಲಿನಲ್ಲಿ ಜಗಲಿಯಲ್ಲೋ ಕಿಟಕಿಗೆ ಎದುರಾಗಿಯೋ ನಿಂತು, ಹಿಂದೆ ಬಿಳಿ ಗೋಡೆ ಅಥವಾ ಬಿಳಿ ಪಂಚೆ ಕಟ್ಟಿ ತೆಗೆಯಿರಿ. ಅದೇ ಕೆಬಿಯಲ್ಲಿ ಮುಖ ಎಷ್ಟೋ ಸ್ಪಷ್ಟ ಬರುತ್ತದೆ.

‘ಫೈಲ್ ತೀರಾ ಚಿಕ್ಕದು’ ಎನ್ನುತ್ತಿದ್ದರೆ, ಅದರಲ್ಲೂ ಸಹಿ

ದೊಡ್ಡದಾಯಿತು ಎಂದು ಇಳಿಸಿ ಇಳಿಸಿ ಕೊನೆಗೆ 9 ಕೆಬಿ ಆಗಿರುತ್ತದೆ. ಅರ್ಜಿಗೆ ಕನಿಷ್ಠ 20 ಬೇಕು. ಮೂಲದಿಂದ ಮತ್ತೆ ಶುರು ಮಾಡಿ, 200×230ಕ್ಕೆ ತಂದು, ಗುಣಮಟ್ಟ 95ರ ಮೇಲೆ ಇಟ್ಟು ನೋಡಿ. ಗಿಂಪ್‌ನಲ್ಲಿ ಸಬ್‌ಸ್ಯಾಂಪ್ಲಿಂಗ್ ಎಂಬ ಆಯ್ಕೆ ಇದೆ. ಅದನ್ನು 4:4:4ಕ್ಕೆ ಇಟ್ಟರೆ ಬಣ್ಣದ ವಿವರ ಪೂರ್ತಿ ಉಳಿಯುತ್ತದೆ, ಕೆಬಿಯೂ ಏರುತ್ತದೆ. ಕೆಂಪು ಸೀರೆ, ಕೆಂಪು ಅಂಗಿಯ ಅಂಚು ಕಲಸಿದ ಹಾಗೆ ಕಾಣುವುದೂ ಇದರಿಂದ ತಪ್ಪುತ್ತದೆ.

ಸಹಿಯ ಕಥೆ ಇನ್ನೂ ಕಷ್ಟ. 140×60 ಅಂದರೆ ಬರೀ 8,400 ಪಿಕ್ಸೆಲ್. ಏನೂ ಕುಗ್ಗಿಸದೆ ಇಟ್ಟರೂ ಅದು 25 ಕೆಬಿ ಅಷ್ಟೇ. ಬಿಳಿ ಹಾಳೆಯ ಮೇಲೆ ನಾಲ್ಕು ಗೆರೆ ಇರುವ ಚಿತ್ರವನ್ನು ಜೆಪೆಗ್ ಸುಲಭವಾಗಿ ಐದಾರು ಕೆಬಿಗೆ ಇಳಿಸಿಬಿಡುತ್ತದೆ. ಆಗ 10 ಕೆಬಿ ಮುಟ್ಟುವುದೇ ಇಲ್ಲ! ಅಧಿಸೂಚನೆಯಲ್ಲಿ ಆ ಅಳತೆಗೆ ‘ಆದ್ಯತೆ’ ಎಂದಿದ್ದು, ಕಡ್ಡಾಯ ಎಂದಿಲ್ಲದಿದ್ದರೆ, ಅದೇ ಅನುಪಾತದಲ್ಲಿ ದೊಡ್ಡದು ಮಾಡಿ. 280×120 ಇಟ್ಟು ಗುಣಮಟ್ಟ ಹೆಚ್ಚಿಸಿದರೆ ಸಾಮಾನ್ಯವಾಗಿ ಮಿತಿಯೊಳಗೆ ಬರುತ್ತದೆ. ಫೋಟೊಗೂ ಇದೇ ದಾರಿ, 400×460. ಚಿಕ್ಕದಾಗಿ ಉಳಿಸಿದ್ದನ್ನು ಹಿಗ್ಗಿಸಬೇಡಿ, ಮೂಲದಿಂದಲೇ ಈ ಅಳತೆಗೆ ತನ್ನಿ.

ಸಹಿ ಗೆರೆಗಳು ಮಾಯವಾಗುತ್ತಿದ್ದರೆ ಪೆನ್ನು ನೋಡಿ. 1400 ಪಿಕ್ಸೆಲ್ ಅಗಲದ ಸಹಿಯನ್ನು 140ಕ್ಕೆ ಇಳಿಸಿದರೆ 10 ಪಿಕ್ಸೆಲ್ ದಪ್ಪದ ಗೆರೆ 1 ಪಿಕ್ಸೆಲ್ ಆಗುತ್ತದೆ. ತೆಳು ಬಾಲ್‌ಪೆನ್ನಿನ ಗೆರೆ ಅದಕ್ಕೂ ಕೆಳಗೆ ಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಗೆರೆಯಿಲ್ಲದ ಬಿಳಿ ಹಾಳೆ, ಸ್ವಲ್ಪ ದಪ್ಪ ಬರೆಯುವ ಕಪ್ಪು ಪೆನ್ನು, ಸಹಿಯ ಅಂಚಿಗೇ ಕ್ರಾಪ್. ಕೈಯ ನೆರಳು ಹಾಳೆಯ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

‘ಫೈಲ್ ಸರಿಯಿಲ್ಲ’ ಎನ್ನುತ್ತಿದ್ದರೆ

ಇಲ್ಲಿ ಕೆಬಿ ಲೆಕ್ಕ ಬಿಟ್ಟು ಫೈಲಿನ ಬಗೆ ನೋಡಬೇಕು. ಐಫೋನುಗಳು 2017ರ ಐಓಎಸ್ 11ರಿಂದ ಫೋಟೊಗಳನ್ನು ಹೆಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತವೆ. ಜಾಗ ಉಳಿಸಲು ಅದು ಒಳ್ಳೆಯದೇ, ಅರ್ಜಿಗಳು ಮಾತ್ರ ಜೆಪೆಗ್ ಕೇಳುತ್ತವೆ. ಫೋಟೊವನ್ನು ಫೈಲ್ಸ್ ಆ್ಯಪ್‌ಗೆ ಉಳಿಸಿ, ಅದನ್ನು ಒತ್ತಿ ಹಿಡಿದು, ಕ್ವಿಕ್ ಆ್ಯಕ್ಷನ್ಸ್‌ನಲ್ಲಿ ಕನ್ವರ್ಟ್ ಇಮೇಜ್ ಆರಿಸಿದರೆ ಜೆಪೆಗ್ ಸಿಗುತ್ತದೆ. ಇದು ಐಓಎಸ್ 16ರಿಂದ ಇದೆ. ಮುಂದೆ ತೆಗೆಯುವ ಫೋಟೊಗಳಿಗೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್, ಮೋಸ್ಟ್ ಕಂಪ್ಯಾಟಿಬಲ್ ಎಂದು ಇಟ್ಟುಬಿಡಿ.

ಹೆಸರಿನ ಕೊನೆಗೆ ‘ಡಾಟ್ ಜೆಪಿಜಿ’ ಎಂದು ತಿದ್ದಿದ ಮಾತ್ರಕ್ಕೆ ಫೈಲ್ ಜೆಪೆಗ್ ಆಗುವುದಿಲ್ಲ. ಫೋನಿನ ಗ್ಯಾಲರಿ ಅದನ್ನು ತೆರೆದು ತೋರಿಸುತ್ತದೆ, ಹಾಗಾಗಿ ಸರಿಯಾಗಿದೆ ಅನ್ನಿಸುತ್ತದೆ. ಅರ್ಜಿಯ ಸರ್ವರ್ ಒಳಗಿನ ಮೊದಲ ಬೈಟ್‌ಗಳನ್ನು ನೋಡುವುದಾದರೆ ಅಲ್ಲಿ ಸಿಕ್ಕಿಬೀಳುತ್ತದೆ. ನೋಟ್‌ಪ್ಯಾಡ್ ಪರೀಕ್ಷೆ ಹೇಳಿದ್ದು ಇದಕ್ಕೇ.

ಸ್ಟುಡಿಯೊ ಅಥವಾ ಡಿಟಿಪಿಯವರಿಂದ ಬಂದ ಫೋಟೊ ಅಪ್‌ಲೋಡ್ ಆಗದಿದ್ದರೆ, ಇಲ್ಲವೇ ಬಣ್ಣ ವಿಚಿತ್ರವಾಗಿ ಕಂಡರೆ, ಅದು ಸಿಎಂವೈಕೆ ಬಣ್ಣದಲ್ಲಿ ಇರಬಹುದು. ಅದು ಪ್ರಿಂಟಿಂಗ್ ಪ್ರೆಸ್ಸಿಗೆ ಬೇಕಾದ ಬಗೆ. ಆರ್‌ಜಿಬಿಗೆ ಬದಲಿಸಿ ಕೊಡಿ ಎಂದು ಕೇಳಿದರೆ ಅವರಿಗೆ ಅರ್ಥವಾಗುತ್ತದೆ.

ಫೋಟೊ ಅಡ್ಡ ಮಲಗಿದೆ, ಅಥವಾ ಮುಖ ಅಗಲವಾಗಿದೆ

ಫೋನಿನಲ್ಲಿ ನೆಟ್ಟಗೆ ಕಂಡ ಫೋಟೊ ಅರ್ಜಿಯಲ್ಲಿ ಅಡ್ಡ ಬೀಳುವುದಕ್ಕೂ ಎಕ್ಸಿಫೇ ಕಾರಣ. ಫೋನು ಹಲವು ಸಲ ಪಿಕ್ಸೆಲ್‌ಗಳನ್ನು ತಿರುಗಿಸುವುದಿಲ್ಲ, ‘ತೋರಿಸುವಾಗ ತಿರುಗಿಸು’ ಎಂದು ಎಕ್ಸಿಫ್‌ನಲ್ಲಿ ಬರೆದಿಡುತ್ತದೆ. ಅದನ್ನು ಓದದ ವೆಬ್‌ಸೈಟಿನಲ್ಲಿ ಫೋಟೊ ಮಲಗುತ್ತದೆ. ಮಾಹಿತಿ ಅಳಿಸಿದ ಮೇಲೂ ಹೀಗಾಗಬಹುದು. ಅಡ್ಡ ಬಿದ್ದ ಪ್ರತಿಯನ್ನು ಪೇಂಟ್‌ನಲ್ಲಿ ತೆರೆದು, ರೊಟೇಟ್ ಮಾಡಿ, ಉಳಿಸಿ. ಆಗ ಪಿಕ್ಸೆಲ್‌ಗಳೇ ತಿರುಗುತ್ತವೆ.

ಮುಖ ಹಿಗ್ಗುವುದು ಅನುಪಾತದ ದೋಷ. ಇಲ್ಲಿ ಒಂದು ಸೂಕ್ಷ್ಮ ಇದೆ. 3.5×4.5 ಸೆಂಟಿಮೀಟರ್ ಮತ್ತು 200×230 ಪಿಕ್ಸೆಲ್ ಒಂದೇ ಅನುಪಾತ ಅಲ್ಲ. ಮೊದಲನೆಯದರಲ್ಲಿ ಅಗಲ ಎತ್ತರದ 78 ಶೇಕಡಾ, ಎರಡನೆಯದರಲ್ಲಿ 87. ಪಾಸ್‌ಪೋರ್ಟ್ ಸೈಜ್ ಫೋಟೊವನ್ನು ಪೂರ್ತಿಯಾಗಿ 200×230ಕ್ಕೆ ಒತ್ತಿ ಕೂರಿಸಿದರೆ ಮುಖ ಸುಮಾರು 12 ಶೇಕಡಾ ಅಗಲವಾಗುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಮುಖ ಹೋಲಿಸಿ ನೋಡುವ ಕಾಲ ಇದು. ಆ ವ್ಯತ್ಯಾಸ ಸಣ್ಣದಲ್ಲ. ಅಗಲವನ್ನು 200ಕ್ಕೆ ತನ್ನಿ, ಎತ್ತರ ತಾನಾಗಿ 257 ಆಗುತ್ತದೆ. ಆಮೇಲೆ ಕೆಳಗಿನಿಂದ, ಅಂದರೆ ಎದೆಯ ಭಾಗದಿಂದ, 27 ಪಿಕ್ಸೆಲ್ ಕತ್ತರಿಸಿ. ಮುಖ ಇದ್ದ ಹಾಗೇ ಉಳಿಯುತ್ತದೆ.

‘50 ಕೆಬಿಗೆ ಇಳಿಸಿ’ ಎನ್ನುವ ಉಚಿತ ವೆಬ್‌ಸೈಟುಗಳು

ಇವು ಕೆಲಸ ಮಾಡುತ್ತವೆ. ಆದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. 12 ಮೆಗಾಪಿಕ್ಸೆಲ್ ಮಾಮೂಲಿ ಜೆಪೆಗ್ ಹಾಗೇ 50 ಕೆಬಿ ಆಗಲು ಸಾಧ್ಯವೇ ಇಲ್ಲ. ಅಂದರೆ ಅವು ನಿಮಗೆ ಹೇಳದೆ ತಮಗೆ ತೋಚಿದ ಅಳತೆಗೆ ಪಿಕ್ಸೆಲ್ ಇಳಿಸುತ್ತವೆ. ಕೆಬಿ ಸರಿಯಾಗಿ, ಅಳತೆ ತಪ್ಪಿ ಅರ್ಜಿ ತಿರಸ್ಕರಿಸುವುದು ಆಗಲೇ. ಬಳಸುವುದಾದರೆ ಕ್ರಾಪ್, ರೀಸೈಜ್ ಮುಗಿಸಿಕೊಂಡು ಬಳಸಿ.

ಇನ್ನೂ ದೊಡ್ಡ ಕಾಳಜಿ ಬೇರೆ ಇದೆ. ಇಂಥ ಎಷ್ಟೋ ಕಡೆ ಫೋಟೊ ನಿಮ್ಮ ಯಂತ್ರ ಬಿಟ್ಟು ಬೇರೆ ಯಾರದೋ ಸರ್ವರ್‌ಗೆ ಹೋಗುತ್ತದೆ. ಫೋಟೊ, ಸಹಿ, ಹೆಬ್ಬೆರಳಿನ ಗುರುತು, ಆಧಾರ್ ಪ್ರತಿ ಎಲ್ಲವನ್ನೂ ಒಂದೇ ಕಡೆ ಕೊಟ್ಟಂತಾಯಿತು, ಅಲ್ವಾ? ಅದರಲ್ಲೂ ಹೆಬ್ಬೆರಳಿನ ಗುರುತನ್ನು ದಯವಿಟ್ಟು ಹೀಗೆ ಹಾಕಬೇಡಿ. ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸಲು ಆಗದು. ಇಂಟರ್‌ನೆಟ್ ಆಫ್ ಮಾಡಿದರೂ ನಡೆಯುವ ಪೇಂಟ್, ಗಿಂಪ್ ಇರುವಾಗ ಈ ಅಪಾಯ ಬೇಕಿಲ್ಲ. ನೆಟ್ ಸೆಂಟರ್‌ನಲ್ಲಿ ಮಾಡಿಸಿದ್ದರೆ ಕೆಲಸ ಮುಗಿದ ಮೇಲೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮತ್ತು ರೀಸೈಕಲ್ ಬಿನ್‌ನಿಂದ ಅಳಿಸಿಸಿ.

ಎಲ್ಲ ಸರಿ ಇದ್ದೂ ತಗೋತಿಲ್ಲ ಅಂದರೆ

ಮೊದಲ ಅನುಮಾನ, ಆರಿಸಿದ ಫೈಲೇ ಬೇರೆ. ಗ್ಯಾಲರಿಯಲ್ಲಿ 4 ಎಂಬಿ ಮೂಲವೂ 45 ಕೆಬಿ ಪ್ರತಿಯೂ ನೋಡಲು ಒಂದೇ ಥರ ಇರುತ್ತವೆ. ಬೆರಳು ಮೂಲದ ಮೇಲೆ ಬೀಳುತ್ತದೆ. ಚಿಕ್ಕ ಪ್ರತಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯ ಗುರುತಾಗುವ ಹೆಸರು ಕೊಟ್ಟು, ಬೇರೆ ಫೋಲ್ಡರ್‌ನಲ್ಲಿ ಇಡಿ. ಹೆಸರಿನಲ್ಲಿ ಖಾಲಿ ಜಾಗ, ಆವರಣ ಚಿಹ್ನೆ, ಎರಡು ಮೂರು ಚುಕ್ಕೆ ಬೇಡ. ಕೆಲವು ಹಳೆಯ ವೆಬ್‌ಸೈಟುಗಳು ಅದಕ್ಕೂ ತಕರಾರು ಮಾಡುತ್ತವೆ.

ಎರಡನೆಯದು ಸೆಷನ್. ಫೋಟೊ ಸರಿ ಮಾಡುತ್ತಾ ಅರ್ಧ ಗಂಟೆ ಕಳೆದಿದ್ದರೆ ಲಾಗಿನ್ ಅವಧಿ ಮುಗಿದಿರುತ್ತದೆ. ಪುಟ ನೋಡಲು ಹಾಗೇ ಇರುತ್ತದೆ, ಅಪ್‌ಲೋಡ್ ಮಾತ್ರ ಸುತ್ತುತ್ತಲೇ ಇರುತ್ತದೆ. ಹೊರಗೆ ಬಂದು ಮತ್ತೆ ಲಾಗಿನ್ ಆಗಿ, ಇಲ್ಲವೇ ಬೇರೆ ಬ್ರೌಸರ್‌ನಲ್ಲಿ ನೋಡಿ. ಅಲ್ಲಿ ಅದೇ ಫೈಲ್ ಹತ್ತಿದರೆ ನಿಮ್ಮ ಫೋಟೊದಲ್ಲಿ ದೋಷ ಇಲ್ಲ.

ಹತ್ತಿದ ಮೇಲೆ ಪ್ರಿವ್ಯೂ ಪುಟದಲ್ಲಿ ಫೋಟೊದ ಜಾಗದಲ್ಲಿ ಫೋಟೊ, ಸಹಿಯ ಜಾಗದಲ್ಲಿ ಸಹಿ ಇದೆಯೇ ಎಂದು ನೋಡಿ. ಅದಲುಬದಲಾಗಿದ್ದರೆ ಸಬ್‌ಮಿಟ್ ಒತ್ತುವ ಮುಂಚೆಯೇ ಬದಲಿಸಿ. ಹಾಕಿದ ಅದೇ ಫೋಟೊದ ಏಳೆಂಟು ಪ್ರತಿ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಪ್ರಿಂಟ್‌ಗೆ ಮಾತ್ರ 45 ಕೆಬಿ ಪ್ರತಿ ಕೊಡಬೇಡಿ, ಮೂಲ ಫೈಲ್ ಕೊಡಿ.